ಸಣ್ಣ ಬೇಟೆಗೆ ಬೋಲ್ಟ್ ಆ್ಯಕ್ಷನ್ ರಿಮ್‌ಫೈರ್ ರೈಫಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಲ, ಅಳಿಲಿನಂಥ ಸಣ್ಣ ಬೇಟೆಗೆ ಮೊದಲ ರೈಫಲ್ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಬೋಲ್ಟ್ ಆ್ಯಕ್ಷನ್ ಅಂದರೆ ಪ್ರತಿ ಈಡಿಗೂ ಬೋಲ್ಟ್ ಅನ್ನುವ ಹಿಡಿಯಿರುವ ಸರಳನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ ತೋಟಾ ತುಂಬುವ ರೈಫಲ್. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ. ಹಳೆ ಬೇಟೆಗಾರರು ಒಂದೆರಡು ಕಡೆ ಜಗಳಕ್ಕೆ ಬರಬಹುದು, ಬರಲಿ.

ಲೈಸೆನ್ಸ್, ಕಾನೂನು ಇತ್ಯಾದಿ?

ದೇಶದಿಂದ ದೇಶಕ್ಕೆ ಪೂರ್ತಿ ಬೇರೆ. ಕೆಲವು ಕಡೆ ಬೇಟೆಯೇ ನಿಷಿದ್ಧ, ಅಲ್ಲಿ ಈ ರೈಫಲ್ ಏನಿದ್ದರೂ ಟಾರ್ಗೆಟ್ ಹೊಡೆಯಲು ಮಾತ್ರ. ಬೇಟೆಗೆ ಅನುಮತಿ ಇರುವ ಕಡೆಯೂ ಯಾವ ಪ್ರಾಣಿ, ಯಾವ ತಿಂಗಳು, ಯಾರ ಜಮೀನು, ಯಾವ ತೋಟಾ ಅಂತ ನಿಯಮ ಇರುತ್ತದೆ. ಅದನ್ನು ತಿಳಿದುಕೊಂಡ ಮೇಲೆ ಮುಂದಕ್ಕೆ ಓದಿ.

ಮೊದಲು ಏನು ನೋಡಬೇಕು? ಕಂಪನಿನಾ, ಕ್ಯಾಲಿಬರಾ?

ಮೊದಲು ದೂರ ನೋಡಿ. ನೀವು ಹೋಗುವ ಜಾಗದಲ್ಲಿ ಪ್ರಾಣಿ ಎಷ್ಟು ಮೀಟರ್ ದೂರದಲ್ಲಿ ಕಣ್ಣಿಗೆ ಬೀಳುತ್ತದೆ? ಆ ದೂರದಲ್ಲಿ ನಿಮ್ಮ ಕೈ ಎಷ್ಟು ಗಟ್ಟಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಮಿಕ್ಕ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಬಗೆಹರಿಯುತ್ತವೆ.

ಮೊಲದ ತಲೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 3-4 ಸೆಂ.ಮೀ. ಅಗಲ. ಅಳಿಲಿನದು ಇನ್ನೂ ಚಿಕ್ಕದು, 2 ಸೆಂ.ಮೀ. ಸ್ವಲ್ಪ ಮೇಲೆ. ಕಾಗದದ ಮೇಲೆ ಅಷ್ಟು ಅಗಲದ ಚುಕ್ಕೆ ಬರೆಯಿರಿ. ಮೇಜು, ಮರಳು ಚೀಲ ಎಲ್ಲ ಬಿಟ್ಟು ಕಾಡಲ್ಲಿ ಹೇಗೆ ಹೊಡೆಯುತ್ತೀರೋ ಹಾಗೆಯೇ ಕೂತು, ಮಂಡಿಯೂರಿ, ಮರಕ್ಕೆ ಒರಗಿ ಐದು ಈಡು ಹೊಡೆಯಿರಿ. ಐದಕ್ಕೆ ಐದೂ ಚುಕ್ಕೆಯೊಳಗೆ ಬೀಳುವ ದೂರವೇ ನಿಮ್ಮ ದೂರ. ತುಂಬಾ ಜನರಿಗೆ ಅದು 40-50 ಮೀಟರ್ ದಾಟುವುದಿಲ್ಲ. ನನಗೆ ಮೊದಲ ಸಲ 35 ಬಂತು. ಮುಖ ಸಪ್ಪಗಾಯಿತು, ಆದರೆ ಆಮೇಲೆ ಒಂದು ಪ್ರಾಣಿಯೂ ಗಾಯಗೊಂಡು ತಪ್ಪಿಸಿಕೊಂಡು ಹೋಗಿಲ್ಲ.

ರಿಮ್‌ಫೈರ್ ಅಂದ್ರೆ ಏನು?

ಹೊಡೆದು ಖಾಲಿಯಾದ .22 (ಅಂದರೆ ಸುಮಾರು 0.22 ಇಂಚು ಅಗಲದ ಗುಂಡಿನ) ತೋಟಾದ ಬುಡ ನೋಡಿ. ಅಂಚಿನಲ್ಲಿ ಚಿಕ್ಕದೊಂದು ಕಚ್ಚು ಕಾಣಿಸುತ್ತದೆ. ಫೈರಿಂಗ್ ಪಿನ್ ಬಡಿದದ್ದು ಅಲ್ಲಿ. ಹಿತ್ತಾಳೆಯ ಅಂಚು ಮಡಿಚಿಕೊಂಡು ಒಳಗೆ ಟೊಳ್ಳಾಗಿರುತ್ತದೆ, ಆ ಟೊಳ್ಳಿನಲ್ಲಿ ಕಿಡಿ ಹೊತ್ತಿಸುವ ಮದ್ದು ತುಂಬಿರುತ್ತಾರೆ. ಪಿನ್ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಸೆಂಟರ್‌ಫೈರ್ ತೋಟಾದಲ್ಲಿ ಇದೇ ಕೆಲಸಕ್ಕೆ ಬುಡದ ನಡುವೆ ಬೇರೆಯೇ ಪ್ರೈಮರ್ ಕೂತಿರುತ್ತದೆ.

ಅಂಚು ಜಜ್ಜಿಹೋಗಬೇಕು ಅಂದರೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ದರೆ ಜಾಸ್ತಿ ಒತ್ತಡ ತಡೆಯುವುದಿಲ್ಲ. .22 ಲಾಂಗ್ ರೈಫಲ್‌ಗೆ ಚದರ ಇಂಚಿಗೆ 24,000 ಪೌಂಡ್ ಒತ್ತಡವೇ ಮಿತಿ. ದೊಡ್ಡ ಬೇಟೆಯ ಸೆಂಟರ್‌ಫೈರ್ ತೋಟಾಗಳಲ್ಲಿ ಅದರ ಎರಡರಷ್ಟಕ್ಕೂ ಮೀರಿ ಇರುತ್ತದೆ. ಹಾಗಾಗಿ ರಿಮ್‌ಫೈರ್‌ಗೆ ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಸದ್ದು ಕಡಿಮೆ, ತೋಟಾ ಅಗ್ಗ. ಜೊತೆಗೆ ದೂರವೂ ಕಡಿಮೆ. ಖಾಲಿ ಕೇಸ್ ಮತ್ತೆ ತುಂಬಲು ಬರುವುದಿಲ್ಲ.

ಇದು ಹಳೆಯ ಉಪಾಯ. ಸ್ಮಿತ್ ಆ್ಯಂಡ್ ವೆಸನ್‌ನವರು .22 ಶಾರ್ಟ್ ತಂದದ್ದು 1857ರಲ್ಲಿ. ಈಗ ನಾವು ಬಳಸುವ .22 ಲಾಂಗ್ ರೈಫಲ್, ಅಂದರೆ .22 ಎಲ್‌ಆರ್, 1887ರದ್ದು.

ಸೆಮಿ ಆಟೋಮ್ಯಾಟಿಕ್ ಬಿಟ್ಟು ಬೋಲ್ಟ್ ಆ್ಯಕ್ಷನ್ನೇ ಯಾಕೆ?

ಸೆಮಿ ಆಟೋ ತನ್ನಷ್ಟಕ್ಕೆ ಲೋಡ್ ಆಗಲು ತೋಟಾದಲ್ಲಿ ಸಾಕಷ್ಟು ದಮ್ ಇರಬೇಕು. ಸಬ್‌ಸಾನಿಕ್, ಅಂದರೆ ಶಬ್ದಕ್ಕಿಂತ ನಿಧಾನದ ತೋಟಾ ಹಾಕಿದರೆ ಎಷ್ಟೋ ಸಲ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬೋಲ್ಟ್‌ಗೆ ಆ ಹಂಗಿಲ್ಲ, ನಿಮ್ಮ ಕೈಯೇ ಎಂಜಿನ್. ಯಾವ ವೇಗದ್ದು ಹಾಕಿದರೂ ತಿನ್ನುತ್ತದೆ. ಈಡು ಹೊಡೆದಾಗ ಚೇಂಬರ್ (ಬ್ಯಾರೆಲ್ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಮುಚ್ಚಿಯೇ ಇರುವುದರಿಂದ ಸದ್ದೂ ಸ್ವಲ್ಪ ಕಡಿಮೆ. ಬೋಲ್ಟ್ ತೆಗೆದು ಜೇಬಿಗೆ ಹಾಕಿಕೊಂಡರೆ ಕೋವಿ ಬರೀ ದೊಣ್ಣೆ. ಹೊಸಬರ ಜೊತೆ ಬೇಲಿ ದಾಟುವಾಗ ಇದು ಎಷ್ಟು ನೆಮ್ಮದಿ ಅಂತ ದಾಟಿದವರಿಗೇ ಗೊತ್ತು.

ಇನ್ನೊಂದು ವಿಷಯ. ಎರಡನೇ ಈಡಿಗೆ ಕೈ ಆಡಿಸಬೇಕು ಅನ್ನುವುದು ಗೊತ್ತಿದ್ದರೆ ಮೊದಲನೆಯದನ್ನು ಸರಿಯಾಗಿ ಹೊಡೆಯುತ್ತೇವೆ. ಸೆಮಿ ಆಟೋ ಹಿಡಿದವರು ಸುಮ್ನೆ ತೋಟಾ ಚೆಲ್ಲುವುದನ್ನು ಬೇಕಾದಷ್ಟು ನೋಡಿದ್ದೇನೆ.

.22 ಎಲ್‌ಆರ್, .22 ಮ್ಯಾಗ್ನಮ್, .17 ಎಚ್‌ಎಂಆರ್. ಯಾವುದು ತಗೊಳ್ಳಲಿ?

ಮೊದಲ ರೈಫಲ್ ಆದರೆ .22 ಎಲ್‌ಆರ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಕಾರಣ ಕೇಳಿದರೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

.22 ಎಲ್‌ಆರ್‌ನ ಮಾಮೂಲಿ ಗುಂಡು 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಸ್ಟಾಂಡರ್ಡ್ ವೆಲಾಸಿಟಿ ತೋಟಾದಲ್ಲಿ ಸೆಕೆಂಡಿಗೆ ಸುಮಾರು 325 ಮೀಟರ್ ವೇಗ, ಹೈ ವೆಲಾಸಿಟಿಯಲ್ಲಿ 380ರ ಆಸುಪಾಸು. ಶಕ್ತಿ 190 ಜೂಲ್ ಮುಟ್ಟಿದರೆ ಹೆಚ್ಚು. ಮೊಲಕ್ಕೆ ಅಷ್ಟು ಧಾರಾಳ ಸಾಕು, ಗುಂಡು ಬೀಳಬೇಕಾದ ಕಡೆ ಬಿದ್ದರೆ. 70-75 ಮೀಟರ್‌ವರೆಗೆ ಇದು ಸುಖವಾಗಿ ಕೆಲಸ ಮಾಡುತ್ತದೆ. ತೋಟಾ ಎಲ್ಲ ಕಡೆ ಸಿಗುತ್ತದೆ, ನೂರಾರು ಬಗೆ ಇದೆ. ಅಗ್ಗ ಅಂದರೆ ಜಾಸ್ತಿ ಅಭ್ಯಾಸ, ಅದೇ ಇದರ ದೊಡ್ಡ ಗುಣ.

.22 ಮ್ಯಾಗ್ನಮ್ ಅನ್ನು ವಿಂಚೆಸ್ಟರ್ ಕಂಪನಿ 1959ರಲ್ಲಿ ತಂದಿತು. ಪೂರ್ತಿ ಹೆಸರು .22 ವಿಂಚೆಸ್ಟರ್ ಮ್ಯಾಗ್ನಮ್ ರಿಮ್‌ಫೈರ್. ಅದೇ 40 ಗ್ರೇನ್ ಗುಂಡನ್ನು ಸೆಕೆಂಡಿಗೆ 570 ಮೀಟರ್ ವೇಗದಲ್ಲಿ ಓಡಿಸುತ್ತದೆ. ಶಕ್ತಿ ಎಲ್‌ಆರ್‌ನ ಎರಡರಷ್ಟು. ನರಿಯಂಥ ಸ್ವಲ್ಪ ಗಟ್ಟಿ ಪ್ರಾಣಿ, 100 ಮೀಟರ್‌ವರೆಗಿನ ಈಡು ಅಂದರೆ ಇದು ಸರಿ. ಹತ್ತಿರದ ಮೊಲಕ್ಕೆ ಹೊಡೆದು ಮಾಂಸ ಹಾಳು ಮಾಡಿಕೊಳ್ಳುವುದಕ್ಕೆ ಇಲಿ ಬೇಟೆಗೆ ತಮಟೆ ಬಡಿದ ಹಾಗೆ ಅನ್ನಬೇಕಾಗುತ್ತದೆ.

.17 ಎಚ್‌ಎಂಆರ್ ಹೊಸ ಹುಡುಗ, 2002ರಲ್ಲಿ ಹಾರ್ನಡಿ ಕಂಪನಿಯಿಂದ ಬಂದದ್ದು. ಮ್ಯಾಗ್ನಮ್‌ನ ಕೇಸ್‌ನ ಕತ್ತು ಕಿರಿದು ಮಾಡಿ 17 ಗ್ರೇನ್ ಗುಂಡು ಕೂರಿಸಿದ್ದಾರೆ. 1.1 ಗ್ರಾಂ ಅಷ್ಟೇ, ಆದರೆ ವೇಗ ಸೆಕೆಂಡಿಗೆ 775 ಮೀಟರ್ ಹತ್ತಿರ. ದಾರ ಎಳೆದ ಹಾಗೆ ನೇರ ಹೋಗುತ್ತದೆ. 100 ಮೀಟರ್‌ಗೆ ಜೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟ ಕಡೆಯೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದರೆ, ನಡುವಿನ ದೂರಗಳಿಗೆ ಲೆಕ್ಕವೇ ಬೇಡ. ಬಯಲಿನಲ್ಲಿ, 100-130 ಮೀಟರ್ ದೂರದ ತಲೆ ಈಡಿಗೆ ಇದನ್ನು ಮೀರಿಸುವ ರಿಮ್‌ಫೈರ್ ಕಡಿಮೆ. ತೊಂದರೆ ಎರಡು. ಗುಂಡು ಒಳಗೆ ಹೊಕ್ಕ ಕೂಡಲೇ ಪುಡಿಯಾಗುತ್ತದೆ, ದೇಹಕ್ಕೆ ಬಿದ್ದರೆ ತಿನ್ನಲು ಏನೂ ಉಳಿಯುವುದಿಲ್ಲ. ಚಟ್ ಅನ್ನುವ ಸದ್ದು ಬೇರೆ, ಒಂದು ಈಡಿಗೆ ಇಡೀ ಬಯಲು ಖಾಲಿ.

ನಿಮ್ಮ ಚುಕ್ಕೆ ಪರೀಕ್ಷೆಯಲ್ಲಿ 50 ಮೀಟರ್ ಬಂದಿದ್ದರೆ .17 ಕೊಂಡು ಏನು ಮಾಡುತ್ತೀರಿ? ಗುಂಡಿನ ದೂರ ಹೆಚ್ಚಿತು, ಕೈಯ ದೂರ ಅಲ್ಲೇ ಇದೆ.

ಮ್ಯಾಗ್ನಮ್ ರೈಫಲ್‌ಗೆ ಎಲ್‌ಆರ್ ತೋಟಾ ಹಾಕಬಹುದಾ? ಎರಡೂ .22 ಅಲ್ವಾ?

ಬೇಡವೇ ಬೇಡ. ಹೆಸರಲ್ಲಿ ಮಾತ್ರ ಎರಡೂ .22. ಮ್ಯಾಗ್ನಮ್‌ನ ಚೇಂಬರ್ ಅಗಲ ಜಾಸ್ತಿ. ಎಲ್‌ಆರ್ ತೋಟಾ ಅದರೊಳಗೆ ಸಡಿಲವಾಗಿ ಜಾರುತ್ತದೆ, ಹೊಡೆದರೆ ಕೇಸ್ ಉಬ್ಬಿ ಸೀಳುತ್ತದೆ, ಬಿಸಿ ಗಾಳಿ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಬರಬಹುದು. ಬ್ಯಾರೆಲ್ ಮೇಲೆ ಕೆತ್ತಿದ ಹೆಸರೂ ಡಬ್ಬಿ ಮೇಲಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಎಲ್‌ಆರ್ ಚೇಂಬರ್‌ನಲ್ಲಿ .22 ಶಾರ್ಟ್ ಹೊಡೆಯಬಹುದು, ಅದು ಬೇರೆ ಮಾತು. ಅದನ್ನೇ ಹೊಡೆಯುತ್ತಾ ಕೂತರೆ ಚೇಂಬರ್‌ನಲ್ಲಿ ಮಸಿಯ ಉಂಗುರ ಕಟ್ಟಿ, ಆಮೇಲೆ ಎಲ್‌ಆರ್ ತೋಟಾ ಒಳಗೆ ಹೋಗಲು ಹಟ ಮಾಡುತ್ತದೆ.

ಸಬ್‌ಸಾನಿಕ್ ಒಳ್ಳೇದಾ, ಹೈ ವೆಲಾಸಿಟಿನಾ?

20 ಡಿಗ್ರಿ ಬಿಸಿಲಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗುಂಡು ಅದನ್ನು ದಾಟಿದರೆ ಗಾಳಿಯಲ್ಲಿ ಚಾಟಿ ಬೀಸಿದ ಹಾಗೆ ಸದ್ದು. ಸಬ್‌ಸಾನಿಕ್ ಗುಂಡು ದಾಟುವುದಿಲ್ಲ, ಹಾಗಾಗಿ ಪಕ್ಕದ ಪೊದೆಯ ಮೊಲ ಕಿವಿ ನಿಮಿರಿಸಿ ಸುಮ್ಮನಾಗುತ್ತದೆ. ಚಳಿಯಲ್ಲಿ ಶಬ್ದದ ವೇಗವೂ ಇಳಿಯುತ್ತದೆ, ಸೊನ್ನೆ ಡಿಗ್ರಿಗೆ 331. ಬೇಸಿಗೆಯಲ್ಲಿ ಮೆತ್ತಗಿದ್ದ ಸ್ಟಾಂಡರ್ಡ್ ವೆಲಾಸಿಟಿ ತೋಟಾ ಚಳಿಗಾಲದ ಬೆಳಿಗ್ಗೆ ಆಗೊಮ್ಮೆ ಈಗೊಮ್ಮೆ ಚಟ್ ಅಂದರೆ ಬೆಚ್ಚಬೇಡಿ.

ಗಾಳಿಯ ವಿಷಯದಲ್ಲಿ ಒಂದು ವಿಚಿತ್ರ ಇದೆ. ವೇಗದ ಗುಂಡು ಅಡ್ಡಗಾಳಿಗೆ ಕಡಿಮೆ ಸರಿಯಬೇಕು ಅಂತ ಅನ್ನಿಸುತ್ತದೆ ಅಲ್ವಾ? .22 ಎಲ್‌ಆರ್‌ನಲ್ಲಿ ಉಲ್ಟಾ. ಶಬ್ದದ ವೇಗದ ಸುತ್ತಮುತ್ತ ಗಾಳಿಯ ತಡೆ ಏಕಾಏಕಿ ಏರುತ್ತದೆ. ಹೈ ವೆಲಾಸಿಟಿ ಗುಂಡು ಅಲ್ಲೇ ಸಿಕ್ಕಿಬಿದ್ದು ಬೇಗ ವೇಗ ಕಳೆದುಕೊಳ್ಳುತ್ತದೆ, ಹಾಗೆ ಕಳೆದುಕೊಂಡಷ್ಟೂ ಜಾಸ್ತಿ ಸರಿಯುತ್ತದೆ. ನಿಧಾನದ ಗುಂಡು ಆ ಗೊಡವೆಗೇ ಹೋಗದೆ ಗುರಿ ಮುಟ್ಟುತ್ತದೆ. ಟಾರ್ಗೆಟ್ ಸ್ಪರ್ಧೆಯವರು ಸ್ಟಾಂಡರ್ಡ್ ವೆಲಾಸಿಟಿ ಬಿಟ್ಟು ಬೇರೆ ಮುಟ್ಟದಿರಲು ಇದೂ ಒಂದು ಕಾರಣ.

ಹಾಗಾದರೆ ಹೈ ವೆಲಾಸಿಟಿ ಯಾಕೆ? ದಾರಿಯಲ್ಲಿ ಗುಂಡು ಕೆಳಕ್ಕೆ ಇಳಿಯುವುದು ಕಡಿಮೆ, ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ ಗುಂಡು) ಚೆನ್ನಾಗಿ ಅರಳುತ್ತದೆ. ದೂರ ಸರಿಯಾಗಿ ಅಂದಾಜಾಗದ ಜಾಗದಲ್ಲಿ ಉಪಯೋಗಕ್ಕೆ ಬರುತ್ತದೆ. ನಾನಂತೂ 50 ಮೀಟರ್ ಒಳಗಿನ ಪೊದೆ ಬೇಟೆಗೆ ಸಬ್‌ಸಾನಿಕ್ ಹಾಲೋ ಪಾಯಿಂಟ್ ಬಿಟ್ಟು ಬೇರೆ ಒಯ್ಯುವುದಿಲ್ಲ.

ಸಿಸಿಐ ಕಂಪನಿಯ ಸ್ಟಿಂಗರ್‌ನಂಥ ಅತಿ ವೇಗದ ತೋಟಾದ ಬಗ್ಗೆ ಒಂದು ಎಚ್ಚರಿಕೆ. ಅದರ ಹಿತ್ತಾಳೆ ಕೇಸ್ ಮಾಮೂಲಿಗಿಂತ ಉದ್ದ. ಬಿಗಿಯಾದ ಮ್ಯಾಚ್ ಚೇಂಬರ್ (ಸ್ಪರ್ಧೆಗೆ ಅಂತ ಕೊರೆದದ್ದು) ಇರುವ ರೈಫಲ್‌ಗೆ ಹಾಕಬಾರದು.

ಹಾಲೋ ಪಾಯಿಂಟಾ, ಸಾಲಿಡ್ಡಾ?

ಬೇಟೆಗೆ ಹಾಲೋ ಪಾಯಿಂಟ್. ಕಾಗದಕ್ಕೆ ಸಾಲಿಡ್. ಸಾಲಿಡ್ ಗುಂಡು ಮೊಲದ ಮೈ ತೂರಿ ಆಚೆ ಹೋಗಿಬಿಡುತ್ತದೆ, ಪ್ರಾಣಿ ಬಿಲ ಸೇರಿ ನರಳುತ್ತದೆ. ಕಲ್ಲಿಗೋ ಗಟ್ಟಿ ನೆಲಕ್ಕೋ ತಾಗಿದರೆ ಚಿಮ್ಮುವುದೂ ಸಾಲಿಡ್ಡೇ ಜಾಸ್ತಿ.

ಸೀಸ ನಿಷೇಧ ಇರುವ ಕಡೆ?

ತಾಮ್ರದ ಗುಂಡಿನ ತೋಟಾ ತಗೊಳ್ಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರ ಹಗುರ, ಹಾಗಾಗಿ ಈ ಗುಂಡುಗಳು ಬರೀ 21 ಗ್ರೇನ್ ಹತ್ತಿರ ಇರುತ್ತವೆ, ವೇಗ ಜಾಸ್ತಿ. ಕೆಲವು ರೈಫಲ್‌ಗೆ ಒಗ್ಗುತ್ತವೆ, ಕೆಲವಕ್ಕೆ ಸುತರಾಂ ಇಲ್ಲ. ಅಂಥ ಕಡೆ ಇದ್ದರೆ ರೈಫಲ್ ಕೊಳ್ಳುವ ಮೊದಲೇ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಸರಿ, ಯಾವ ರೈಫಲ್? ಹೆಸರು ಹೇಳಿ.

ಹೇಳುತ್ತೇನೆ, ಆದರೆ ಈಗಿನ ಕಾಲದಲ್ಲಿ ಕೆಟ್ಟ ಬೋಲ್ಟ್ ಆ್ಯಕ್ಷನ್ .22 ಹುಡುಕುವುದೇ ಕಷ್ಟ ಅನ್ನುವುದು ಮೊದಲು ಗೊತ್ತಿರಲಿ.

ಚೆಕ್ ದೇಶದ ಸಿಝಡ್ 457 ನನ್ನ ಮೊದಲ ಸಲಹೆ. ಬೋಲ್ಟ್ ಎತ್ತಲು 60 ಡಿಗ್ರಿ ಸಾಕು, ಹಾಗಾಗಿ ಸ್ಕೋಪ್ ಕೆಳಗೆ ಬೆರಳು ತಗುಲುವುದಿಲ್ಲ. ಬ್ಯಾರೆಲ್ ಬದಲಿಸಬಹುದು, ಇವತ್ತು ಎಲ್‌ಆರ್ ಕೊಂಡವರು ನಾಳೆ .17 ಬ್ಯಾರೆಲ್ ಹಾಕಿಕೊಳ್ಳಬಹುದು. ಸೇಫ್ಟಿ ಮುಂದಕ್ಕೆ ತಳ್ಳಿದರೆ ಫೈರ್. ಹಳೆಯ 452ರಲ್ಲಿ ಇದು ಉಲ್ಟಾ, ಎರಡನ್ನೂ ಇಟ್ಟುಕೊಂಡವರು ಹುಷಾರಾಗಿರಬೇಕು.

ಫಿನ್‌ಲೆಂಡಿನ ಟಿಕ್ಕಾ ಟಿ1ಎಕ್ಸ್‌ನ ಬೋಲ್ಟ್ ಬೆಣ್ಣೆ. ಅದೇ ಕಂಪನಿಯ ದೊಡ್ಡ ರೈಫಲ್ ಟಿ3ಎಕ್ಸ್‌ನ ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿ) ಇದಕ್ಕೂ ಕೂರುತ್ತದೆ. ಸ್ಯಾವೇಜ್ ಮಾರ್ಕ್ 2 ನೋಡಲು ಒರಟು, ಹೊಡೆತ ಒರಟಲ್ಲ. ಅದರ ಆ್ಯಕ್ಯು ಟ್ರಿಗರ್ ಅನ್ನು ಮನೆಯಲ್ಲೇ ಹಗುರ ಮಾಡಿಕೊಳ್ಳಬಹುದು, ಅಗ್ಗದ ರೈಫಲ್‌ನಲ್ಲಿ ಇದು ದೊಡ್ಡ ಅನುಕೂಲ. ರೂಗರ್ ಅಮೆರಿಕನ್ ರಿಮ್‌ಫೈರ್‌ಗೆ ಅದೇ ಕಂಪನಿಯ 10/22 ರೈಫಲ್‌ನ ಮ್ಯಾಗಜಿನ್ ಹೊಂದುತ್ತದೆ, ಅದು ಎಲ್ಲಾ ಕಡೆ ಸಿಗುವ ಮಾಲು. ಬ್ರೌನಿಂಗ್ ಟಿ ಬೋಲ್ಟ್‌ನಲ್ಲಿ ಬೋಲ್ಟ್ ಎತ್ತುವುದೇ ಇಲ್ಲ, ನೇರ ಹಿಂದಕ್ಕೆ ಎಳೆದು ತಳ್ಳುವುದು. ಎಡಗೈಯವರಿಗೂ ಬೇರೆ ಮಾದರಿ ಬರುತ್ತದೆ. ಜರ್ಮನಿಯ ಆ್ಯನ್‌ಶುಟ್ಸ್ ಕೈಗೆ ಸಿಕ್ಕಿ, ಜೇಬೂ ತಡೆದರೆ ಯೋಚಿಸಬೇಡಿ.

ಇವುಗಳಲ್ಲಿ ಯಾವುದು ಕೊಂಡರೂ ರೈಫಲ್‌ನ ತಪ್ಪಿಗೆ ಗುರಿ ತಪ್ಪುವುದಿಲ್ಲ. ಬಜೆಟ್ ಬಿಗಿ ಇದ್ದರೆ ಅಗ್ಗದ ರೈಫಲ್ ಕೊಂಡು ಉಳಿದದ್ದನ್ನು ಸ್ಕೋಪ್‌ಗೂ ತೋಟಾಕ್ಕೂ ಹಾಕಿ.

ಅಂಗಡಿಯಲ್ಲಿ ಕೈಗೆ ತಗೊಂಡಾಗ ಏನು ನೋಡಬೇಕು?

ಮೊದಲು ಬೋಲ್ಟ್ ತೆರೆದು ಚೇಂಬರ್ ಖಾಲಿ ಇದೆಯಾ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ದರೂ ನೀವು ಇನ್ನೊಮ್ಮೆ ನೋಡಿ.

ಆಮೇಲೆ ಕಣ್ಣು ಮುಚ್ಚಿ ರೈಫಲ್ ಹೆಗಲಿಗೆ ತನ್ನಿ. ಕೆನ್ನೆ ಸ್ಟಾಕ್ ಮೇಲೆ ಆರಾಮಾಗಿ ಕೂರಲಿ. ಈಗ ಕಣ್ಣು ಬಿಡಿ. ಸ್ಕೋಪ್ ಪೂರ್ತಿ ಬೆಳಕಾಗಿ ಕಂಡರೆ ಸ್ಟಾಕ್ ನಿಮ್ಮದು. ಕತ್ತು ಚಾಚಬೇಕಾಗಿ ಬಂದರೆ, ಕೆನ್ನೆ ಎತ್ತಬೇಕಾಗಿ ಬಂದರೆ ಅಲ್ಲ. ಎಷ್ಟೋ .22ಗಳ ಸ್ಟಾಕ್ ಕಬ್ಬಿಣದ ಸೈಟ್‌ಗೆ ಅಂತ ತಗ್ಗಾಗಿ ಮಾಡಿರುತ್ತಾರೆ, ಸ್ಕೋಪ್ ಹಾಕಿದ ಮೇಲೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ಚರ್ಮದ ಅಥವಾ ಬಟ್ಟೆಯ ಮೆತ್ತೆ ಕಟ್ಟಿಕೊಂಡರೆ ಸರಿಹೋಗುತ್ತದೆ.

ಕಿರಿಯರಿಗೆ ಕೊಳ್ಳುವುದಾದರೆ ಸ್ಟಾಕ್ ಉದ್ದ ನೋಡಿ. ದೊಡ್ಡವರ ಉದ್ದ 34-35 ಸೆಂ.ಮೀ. ಇರುತ್ತದೆ, ಚಿಕ್ಕ ಹೆಗಲಿಗೆ ಅದು ಜಾಸ್ತಿ. ಸ್ಪೇಸರ್ ತೆಗೆದು ಹಾಕಿ ಉದ್ದ ಬದಲಿಸುವಂಥದ್ದು ಸಿಕ್ಕರೆ ಮಗು ಬೆಳೆದಂತೆ ರೈಫಲ್ಲೂ ಬೆಳೆಯುತ್ತದೆ.

ಟ್ರಿಗರ್ ಎಷ್ಟು ಹಗುರ ಇರಬೇಕು?

ಬೇಟೆಗೆ 1ರಿಂದ 1.5 ಕೆಜಿ. ಅದಕ್ಕಿಂತ ಹಗುರ ಆದರೆ ಚಳಿಗೆ ಮರಗಟ್ಟಿದ ಬೆರಳು ಮೋಸ ಮಾಡುತ್ತದೆ. ತೂಕಕ್ಕಿಂತ ಮುಖ್ಯ ಅದರ ನಡತೆ. ಎಳೆಯುತ್ತಾ ಹೋದಾಗ ಮರಳಿನ ಮೇಲೆ ಜರುಗಿದ ಹಾಗೆ ಕರಕರ ಅನ್ನಬಾರದು, ಗಾಜಿನ ಕಡ್ಡಿ ಮುರಿದ ಹಾಗೆ ಥಟ್ಟನೆ ಬಿಡಬೇಕು.

ಬ್ಯಾರೆಲ್ ಉದ್ದ ಇದ್ದಷ್ಟೂ ಒಳ್ಳೇದಲ್ವಾ?

.22 ಎಲ್‌ಆರ್‌ನಲ್ಲಿ ಅಲ್ಲ. ಅದರೊಳಗಿನ ಚಿಟಿಕೆ ಮದ್ದು 16 ಇಂಚಿನೊಳಗೇ ಹೆಚ್ಚುಕಮ್ಮಿ ಉರಿದು ಮುಗಿಯುತ್ತದೆ. ಅದಕ್ಕಿಂತ ಉದ್ದ ಮಾಡಿದರೆ ಬ್ಯಾರೆಲ್ ಬಾಯಿಯ ಸದ್ದು ಸ್ವಲ್ಪ ತಗ್ಗುತ್ತದೆ, ತೂಕ ಮುಂದಕ್ಕೆ ಬಂದು ನಿಂತು ಹೊಡೆಯುವಾಗ ಸ್ಥಿರ ಅನ್ನಿಸುತ್ತದೆ, ಅಷ್ಟೇ. ಪೊದೆಯಲ್ಲಿ ನುಸುಳುವವರಿಗೆ 16, ಮಿಕ್ಕವರಿಗೆ 20. ದಪ್ಪ ಬ್ಯಾರೆಲ್ ಕೂತು ಹೊಡೆಯುವವರಿಗೆ ಚೆನ್ನ. ದಿನವಿಡೀ ನಡೆಯುವವರು ಒಟ್ಟು ತೂಕ ಮೂರು ಕೆಜಿ ದಾಟದ ಹಾಗೆ ನೋಡಿಕೊಳ್ಳಿ.

ಮರದ ಸ್ಟಾಕಾ, ಸಿಂಥೆಟಿಕ್ಕಾ?

ಮಳೆಗೆ ಸಿಂಥೆಟಿಕ್. ಮನಸ್ಸಿಗೆ ಮರ.

ದೊಡ್ಡ ರೈಫಲ್‌ನ ಸ್ಕೋಪ್ ಮನೆಯಲ್ಲಿದೆ, ಹಾಕಬಹುದಾ?

ಹಾಕಬಹುದು, ಆದರೆ ಪ್ಯಾರಲಾಕ್ಸ್ ನೋಡಿ. ದೊಡ್ಡ ರೈಫಲ್‌ನ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೋ ಅದಕ್ಕಿಂತ ದೂರಕ್ಕೋ ಹೊಂದಿಸಿರುತ್ತಾರೆ. ರೈಫಲ್ ಅಲುಗದ ಹಾಗೆ ಇಟ್ಟು, 30 ಮೀಟರ್ ದೂರದ ಗುರಿ ನೋಡುತ್ತಾ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಕ್ರಾಸ್‌ಹೇರ್ ಗುರಿಯ ಮೇಲೆ ಈಜಾಡಿದರೆ ಅದೇ ಪ್ಯಾರಲಾಕ್ಸ್. ದೊಡ್ಡ ಪ್ರಾಣಿಗೆ ಆ ಒಂದು ಸೆಂ.ಮೀ. ಲೆಕ್ಕಕ್ಕಿಲ್ಲ. ಅಳಿಲಿಗೆ ಅದೇ ಅರ್ಧ ತಲೆ. ರಿಮ್‌ಫೈರ್‌ಗೆ ಅಂತ ಮಾಡಿದ ಸ್ಕೋಪ್‌ಗಳನ್ನು 50 ಗಜದ ಸುತ್ತ ಹೊಂದಿಸಿರುತ್ತಾರೆ, ಇಲ್ಲವೇ ತಿರುಗಿಸಲು ಒಂದು ಗುಂಡಿ ಇರುತ್ತದೆ. 2-7 ಅಥವಾ 3-9 ಪಟ್ಟು ಸಾಕು. ಪಟ್ಟು ಜಾಸ್ತಿಯಾದರೆ ಓಡಾಡುವ ಅಳಿಲನ್ನು ಗಾಜಿನೊಳಗೆ ಹುಡುಕುವುದರಲ್ಲೇ ಅದು ಮರದ ಆಚೆ ಬದಿಗೆ ಹೋಗಿರುತ್ತದೆ.

ಸ್ಕೋಪ್ ಹಿಡಿಯುವ ರಿಂಗ್ ಕೊಳ್ಳುವ ಮೊದಲು ರಿಸೀವರ್ (ಬೋಲ್ಟ್ ಕೂರುವ ಲೋಹದ ಭಾಗ) ಮೇಲೆ 11 ಮಿ.ಮೀ. ಡವ್‌ಟೇಲ್ ಗಾಡಿ ಇದೆಯಾ, ಅಡ್ಡ ಗಾಡಿಗಳ ಪಿಕಟಿನಿ ರೈಲ್ ಇದೆಯಾ ನೋಡಿಕೊಳ್ಳಿ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಎಷ್ಟು ದೂರಕ್ಕೆ ಜೀರೋ ಮಾಡಲಿ?

.22 ಎಲ್‌ಆರ್ ಆದರೆ 50 ಮೀಟರ್. ಅಲ್ಲಿಂದ 75 ಮೀಟರ್‌ಗೆ ಹೈ ವೆಲಾಸಿಟಿ ಗುಂಡು ಸುಮಾರು 5-6 ಸೆಂ.ಮೀ. ಇಳಿದಿರುತ್ತದೆ. 100ಕ್ಕೆ ಬಂದರೆ ತೋಟಾ ನೋಡಿಕೊಂಡು 15ರಿಂದ 20 ಸೆಂ.ಮೀ. ಅದರ ಮೇಲೆ ಗಾಳಿ. ಎಲೆ ಅಲ್ಲಾಡಿಸುವ ಮಾಮೂಲಿ ಅಡ್ಡಗಾಳಿ, ಸೆಕೆಂಡಿಗೆ 4-5 ಮೀಟರ್ ಇದ್ದರೆ, 50 ಮೀಟರ್‌ನಲ್ಲಿ ಗುಂಡನ್ನು ಸುಮಾರು 3 ಸೆಂ.ಮೀ. ಸರಿಸುತ್ತದೆ, 100ರಲ್ಲಿ 10 ಸೆಂ.ಮೀ. ದಾಟುತ್ತದೆ. ಅಂದರೆ ತಲೆಗೆ ಇಟ್ಟ ಗುರಿ ಹೊಟ್ಟೆಗೆ ಹೋಯಿತು ಅಂತ ಲೆಕ್ಕ. ನೂರು ಮೀಟರ್‌ನಲ್ಲಿ .22 ಎಲ್‌ಆರ್ ಕಾಗದಕ್ಕೆ ತುಂಬಾ ಮಜಾ ಕೊಡುತ್ತದೆ. ಪ್ರಾಣಿಗೆ ಬೇಡ.

ಈ ಅಂಕಿಗಳನ್ನು ನಂಬಿ ಹೊರಡಬೇಡಿ. ನಿಮ್ಮ ರೈಫಲ್, ನಿಮ್ಮ ತೋಟಾದಲ್ಲಿ 25, 50, 75ಕ್ಕೆ ಹೊಡೆದು ನೋಡಿ, ಚೀಟಿ ಬರೆದು ಸ್ಟಾಕ್‌ಗೆ ಅಂಟಿಸಿಕೊಳ್ಳಿ.

ಒಳ್ಳೆ ರೈಫಲ್ ಕೊಂಡರೂ ಗುಂಡು ಎಲ್ಲೆಲ್ಲೋ ಬೀಳ್ತಿದೆ. ಯಾಕೆ?

ಮೊದಲು ತೋಟಾ ಬದಲಿಸಿ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗೂ ಬೇರೆ ಬೇರೆ ತೋಟಾ ಇಷ್ಟವಾಗುತ್ತದೆ. ಸಿಸಿಐ, ಎಲಿ, ಎಸ್‌ಕೆ, ಆರ್‌ಡಬ್ಲ್ಯುಎಸ್, ಫೆಡರಲ್ ಹೀಗೆ ಐದಾರು ಬಗೆಯ ಒಂದೊಂದು ಡಬ್ಬಿ ತನ್ನಿ. ಗಾಳಿ ಇಲ್ಲದ ಬೆಳಿಗ್ಗೆ, ಮರಳು ಚೀಲದ ಮೇಲೆ ಇಟ್ಟು, 50 ಮೀಟರ್‌ಗೆ ಪ್ರತಿಯೊಂದರಲ್ಲೂ ಐದೈದರ ಎರಡು ಮೂರು ಗುಂಪು ಹೊಡೆಯಿರಿ. ತೋಟಾ ಬದಲಿಸಿದಾಗ ಮೊದಲ ಹತ್ತು ಈಡನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಗುಂಡಿಗೆ ಸವರಿದ ಮೇಣ ಒಂದೊಂದರದ್ದು ಒಂದೊಂದು ಥರ, ಹಳೆಯದರ ಪದರ ಹೋಗಿ ಹೊಸದು ಬ್ಯಾರೆಲ್‌ನಲ್ಲಿ ಕೂರಬೇಕು. ಬೇಟೆಗೆ 2.5 ಸೆಂ.ಮೀ. ಗುಂಪು ಬಂದರೆ ನಡೆಯುತ್ತದೆ, 1.5 ಬಂದರೆ ಆ ತೋಟಾದ ಡಬ್ಬಿಗಳನ್ನು ಅದೇ ಲಾಟ್ ನಂಬರ್‌ನದ್ದೇ ಒಂದಷ್ಟು ಕೊಂಡಿಟ್ಟುಕೊಳ್ಳಿ.

ತೋಟಾ ಬದಲಿಸಿದರೂ ಸರಿಹೋಗದಿದ್ದರೆ ಸ್ಕ್ರೂ ನೋಡಿ. ಇದನ್ನು ನಾನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಒಂದು ಇಡೀ ದಿನ ಏಳು ಬಗೆಯ ತೋಟಾ ಹೊಡೆದು, ಏಳನ್ನೂ ಬೈದು, ಸಂಜೆ ರೈಫಲ್ ಚೀಲಕ್ಕೆ ಹಾಕುವಾಗ ಏನೋ ಟಕ್ ಅಂದಿತು. ಸ್ಟಾಕ್‌ಗೆ ಆ್ಯಕ್ಷನ್ ಬಿಗಿಯುವ ಮುಂದಿನ ಸ್ಕ್ರೂ ಬೆರಳಲ್ಲೇ ತಿರುಗುವಷ್ಟು ಸಡಿಲ. ಬಿಗಿದು ಹೊಡೆದೆ, ಐದು ಗುಂಡೂ ಹೆಬ್ಬೆರಳಿನ ಉಗುರಿನಡಿ ಮುಚ್ಚಿಹೋದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ದಿನದ ನನ್ನ ಕಥೆ ಅದೇ.

ಇನ್ನೊಂದು ಪರೀಕ್ಷೆ: ತೆಳು ಕಾಗದವನ್ನು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮರ ಬ್ಯಾರೆಲ್‌ಗೆ ಒತ್ತುತ್ತಿದೆ. ಮಳೆಗಾಲದಲ್ಲಿ ಮರ ಉಬ್ಬಿ ಹೀಗಾಗುವುದು ಮಾಮೂಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಧಾರಾಳವಾಗಿ. ಮೆತ್ತನೆಯ ಸೀಸ ಬ್ಯಾರೆಲ್ ಸವೆಸುವುದು ಬಲು ನಿಧಾನ, ಚೆನ್ನಾಗಿ ನೋಡಿಕೊಂಡ ಅಜ್ಜನ ಕಾಲದ .22 ಇವತ್ತಿಗೂ ಗುರಿ ಮುಟ್ಟುತ್ತದೆ. ಬೋಲ್ಟ್ ತೆಗೆದು ಹಿಂದಿನಿಂದ ಬೆಳಕಿನ ಕಡೆ ನೋಡಿ. ಒಳಗೆ ಕಪ್ಪು ಉಂಗುರದ ಹಾಗೆ ನೆರಳು ಕಂಡರೆ ಯಾವಾಗಲೋ ಗುಂಡು ಸಿಕ್ಕಿಕೊಂಡು ಅದರ ಹಿಂದೆಯೇ ಇನ್ನೊಂದು ಹೊಡೆದು ಬ್ಯಾರೆಲ್ ಉಬ್ಬಿದೆ ಅಂತ ಅರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಬ್ಯಾರೆಲ್ ಬಾಯಿಯ ಅಂಚಿನಲ್ಲಿ ಕಚ್ಚು ಇರಬಾರದು. ಚೇಂಬರ್‌ನ ಬಾಯಿ ಅಂಚಿಗೆ ಉಗುರು ಸವರಿ, ಪಿನ್ ಬಡಿದ ಗುಳಿ ತಗಲುತ್ತಾ ನೋಡಿ. ಡಮ್ಮಿ ತೋಟಾ ಹಾಕಿ ಬೋಲ್ಟ್ ಎಳೆದಾಗ ಚಟ್ಟನೆ ಆಚೆ ಎಸೆಯಬೇಕು. ಮ್ಯಾಗಜಿನ್ ಇದೆಯಾ ಕೇಳಿ, ನಿಂತುಹೋದ ಮಾದರಿಗಳಿಗೆ ಅದೊಂದೇ ಸಿಗುವುದಿಲ್ಲ.

ಖಾಲಿ ರೈಫಲ್‌ನಲ್ಲಿ ಟ್ರಿಗರ್ ಎಳೆದು ಅಭ್ಯಾಸ ಮಾಡಬಹುದಾ?

ಮೇಲೆ ಹೇಳಿದ ಗುಳಿ ಬೀಳುವುದೇ ಹಾಗೆ. ತೋಟಾದ ಅಂಚು ನಡುವೆ ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಪಿನ್ ನೇರ ಚೇಂಬರ್ ಅಂಚಿಗೆ ಬಡಿಯುತ್ತದೆ. ಈಗಿನ ಕೆಲವು ಮಾದರಿಗಳಿಗೆ ತೊಂದರೆ ಇಲ್ಲ ಅಂತ ಕಂಪನಿಯವರೇ ಕೈಪಿಡಿಯಲ್ಲಿ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಸ್ನ್ಯಾಪ್ ಕ್ಯಾಪ್, ಅಂದರೆ ಅಭ್ಯಾಸದ ನಕಲಿ ತೋಟಾ ಹಾಕಿ.

ಎಷ್ಟು ದಿನಕ್ಕೊಮ್ಮೆ ಕ್ಲೀನ್ ಮಾಡಬೇಕು?

ಬ್ಯಾರೆಲ್ ಒಳಗೆ ಕಡಿಮೆ, ಬೋಲ್ಟ್ ಮತ್ತು ಚೇಂಬರ್‌ಗೆ ಜಾಸ್ತಿ. ಮೇಣ, ಮಸಿ ಕಟ್ಟುವುದು ಅಲ್ಲೇ. ಬ್ಯಾರೆಲ್‌ಗೆ ಎಣ್ಣೆ ಹಾಕಿ ಉಜ್ಜಿದ ಮೇಲೆ ಹತ್ತಿಪ್ಪತ್ತು ಈಡು ಹೊಡೆಯುವವರೆಗೆ ಗುಂಪು ಚದುರುತ್ತದೆ. ಹಾಗಾಗಿ ಬೇಟೆಯ ಹಿಂದಿನ ರಾತ್ರಿ ಉಜ್ಜಲು ಕೂರಬೇಡಿ. ರಾಡ್ ಹಾಕುವುದಾದರೆ ಚೇಂಬರ್ ಕಡೆಯಿಂದಲೇ ಹಾಕಿ. ಬಾಯಿ ಕಡೆಯಿಂದ ತುರುಕಿದರೆ ಅಂಚು ಸವೆದು ಗುರಿ ಕೆಡುತ್ತದೆ.

ಸದ್ದು ಕಡಿಮೆ ಅಂತೀರಲ್ಲ, ಕಿವಿಗೆ ಏನೂ ಬೇಡ್ವಾ?

ಬೇಕು. .22 ರೈಫಲ್‌ನ ಸದ್ದೂ 140 ಡೆಸಿಬೆಲ್ ಹತ್ತಿರ ಹೋಗುತ್ತದೆ. ಒದೆತ ಇಲ್ಲದ್ದರಿಂದ ಸದ್ದೂ ಇಲ್ಲ ಅಂತ ಕಿವಿ ಮೋಸ ಹೋಗುತ್ತದೆ. ಕಾನೂನು ಒಪ್ಪುವ ಕಡೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕುವ ಯೋಚನೆ ಇದ್ದರೆ ಬ್ಯಾರೆಲ್ ಬಾಯಿಗೆ ಮರೆ (ಸ್ಕ್ರೂ ಮೇಲಿನಂಥ ಸುರುಳಿ ಗೆರೆ) ಕೊರೆದ ಮಾದರಿ ನೋಡಿ. ಬಾಯಿಯ ವ್ಯಾಸ ಅರ್ಧ ಇಂಚು, ಯುರೋಪಿನ ರೈಫಲ್‌ಗಳಲ್ಲಿ ಇಂಚು ಉದ್ದಕ್ಕೆ 20 ಮರೆ, ಅಮೆರಿಕದವಲ್ಲಿ 28 ಮರೆ ಇರುವುದು ಹೆಚ್ಚು. ಬಲವಂತವಾಗಿ ತಿರುಗಿಸಿ ಮರೆ ಕೆಡಿಸಿಕೊಳ್ಳಬೇಡಿ.

ಟ್ರಿಗರ್ ಎಳೆದೆ, ಈಡು ಹಾರಲಿಲ್ಲ. ಏನು ಮಾಡ್ಲಿ?

ಬ್ಯಾರೆಲ್ ಬಾಯಿ ಗುರಿಯ ಕಡೆಗೇ ಇರಲಿ. ಮನಸ್ಸಿನಲ್ಲಿ ಮೂವತ್ತು ಎಣಿಸಿ, ಆಮೇಲೆ ಬೋಲ್ಟ್ ತೆರೆಯಿರಿ. ಅಂಚಿನ ಟೊಳ್ಳಿನಲ್ಲಿ ಒಂದು ಕಡೆ ಮದ್ದು ಸರಿಯಾಗಿ ಹರಡದಿದ್ದರೆ ಹೀಗಾಗುತ್ತದೆ, ಅಗ್ಗದ ತೋಟಾದಲ್ಲಿ ಜಾಸ್ತಿ. ಪುಸ್ ಅಂತ ಮೆತ್ತಗೆ ಸದ್ದು ಬಂದರೆ ಇನ್ನೂ ಹುಷಾರು. ಗುಂಡು ಬ್ಯಾರೆಲ್‌ನಲ್ಲೇ ನಿಂತಿರಬಹುದು. ಬೋಲ್ಟ್ ತೆಗೆದು ಒಳಗೆ ಬೆಳಕು ಕಾಣುವವರೆಗೆ ಮುಂದಿನ ತೋಟಾ ಮುಟ್ಟಬೇಡಿ.

ಚಿಕ್ಕ ಗುಂಡು, ಎಷ್ಟು ದೂರ ಹೋದೀತು?

ಡಬ್ಬಿ ಮೇಲೆ ಬರೆದಿರುತ್ತದೆ, ಒಂದೂವರೆ ಮೈಲಿ. ಎರಡು ಕಿಲೋಮೀಟರಿಗೂ ಜಾಸ್ತಿ. ಅಳಿಲು ಕೊಂಬೆಯ ತುದಿಯಲ್ಲಿ, ಹಿಂದೆ ಬರೀ ಆಕಾಶ ಇದ್ದರೆ ಹೊಡೆಯಬೇಡಿ. ಅದು ಕಾಂಡಕ್ಕೆ ಅಂಟಿಕೊಳ್ಳುವವರೆಗೆ ಕಾಯಿರಿ, ಕಾಂಡವೇ ಗುಂಡಿಗೆ ಗೋಡೆ. ಮೊಲ ದಿಬ್ಬದ ನೆತ್ತಿಯಲ್ಲಿ ಕೂತಿದ್ದರೂ ಅಷ್ಟೇ, ಈಚೆ ಇಳಿಜಾರಿಗೆ ಬರಲಿ. ನೀರಿನ ಮೇಲಂತೂ ಬೇಡ. ಕೆರೆಗೆ ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸುವ ಆಟ ಆಡಿದ್ದೀರಲ್ಲ, ಸೀಸದ ಗುಂಡೂ ಹಾಗೇ ಕುಪ್ಪಳಿಸಿ ಆಚೆ ದಡಕ್ಕೆ ಹೋಗುತ್ತದೆ.